ತಳದಲ್ಲಿ ಕೂತಿದ್ದ ಕಸ್ತೂರಿ

ನಮ್ಮ ಶೆಡ್ಡಿನಲ್ಲಿ ಒಂದು ಡ್ರಮ್ಮಿತ್ತು. ಅದನ್ನು ಯಾರೂ ಪೂರ್ತಿ ಖಾಲಿ ಮಾಡುವ ಹಾಗಿರಲಿಲ್ಲ.

ಕಾಸರಗೋಡು ಬಳಿಯ ಸೀತಾಂಗೋಳಿಯ ಆ ಅತ್ತರು ಘಟಕಕ್ಕೆ ನಾನು ಕೆಮಿಸ್ಟಾಗಿ ಸೇರಿದ ದಿನವೇ ಯಜಮಾನರು ನನ್ನನ್ನು ಅದರ ಮುಂದೆ ನಿಲ್ಲಿಸಿ ಈ ಕಟ್ಟಳೆ ಹೇಳಿದ್ದರು. ಸ್ಟೀಲಿನ ಡ್ರಮ್ಮು, ನನ್ನ ಸೊಂಟದಷ್ಟು ಎತ್ತರ, ಮುಚ್ಚಳದ ಮೇಲೆ ಮಡಚಿಟ್ಟ ಬೈರಾಸು, ಮೈ ಒರೆಸುವ ತೆಳು ಟವೆಲು. ಒಳಗಿದ್ದದ್ದು ಕಸ್ತೂರಿ ಬೇಸ್. ನಾವು ಮಾಡುವ ಹೆಚ್ಚಿನ ಅತ್ತರುಗಳಿಗೆ ಅದೇ ಅಡಿಪಾಯ. ಅದರ ಮೇಲೆ ಗುಲಾಬಿಯನ್ನೋ ಗಂಧವನ್ನೋ ಏರಿಸಿ ಒಂದೊಂದಕ್ಕೆ ಒಂದೊಂದು ಹೆಸರಿಡುತ್ತಿದ್ದೆವು. ಡ್ರಮ್ಮು ಅರ್ಧಕ್ಕೆ ಇಳಿದಾಗ ಹೊಸದಾಗಿ ಕಲಸಿದ ಬೇಸನ್ನು ಹಳೆಯದರ ಮೇಲೆ ಸುರಿಯಬೇಕು. ತಳ ಕಾಣಬಾರದು.

"ಹೆಪ್ಪು ಇಲ್ಲದೆ ಮೊಸರು ಆಗ್ತದಾ? ಇದೂ ಹಾಗೆಯೇ ಮಾರಾಯ್ತಿ," ಎಂದಿದ್ದರು ಅವರು. "ಹಳತು ಹೊಸತಕ್ಕೆ ಗುಣ ಕೊಡ್ತದೆ. ಇದರ ಮೊದಲ ಪಾಕ ಗಲ್ಫಿನಲ್ಲಿ ನಮ್ಮ ಉಸ್ತಾದ್ ಕಲಸಿ ಕೊಟ್ಟದ್ದು."

ಮಂಜೇಶ್ವರ ಕಡೆಯ ತುಳು ಮನೆಯವರು ಅವರು. ಯೌವನವನ್ನೆಲ್ಲ ಗಲ್ಫಿನ ಒಂದು ಅತ್ತರಂಗಡಿಯ ಹಿಂಬದಿಯ ಕೋಣೆಯಲ್ಲಿ ಕಳೆದು, ಊರಿಗೆ ಬಂದು ಈ ಘಟಕ ಹಾಕಿದ್ದರು. ಮೊಸರಿನ ಹೋಲಿಕೆ ಕೇಳಿ ನನಗೆ ಒಳಗೊಳಗೇ ನಗು ಬಂದಿತ್ತು. ರಾಸಾಯನಿಕಕ್ಕೆ ಹೆಪ್ಪೂ ಇಲ್ಲ, ಹುಳಿಯೂ ಇಲ್ಲ. ಆದರೆ ಹೊಸ ಕೆಲಸ, ಹಿರಿಯರು, ಸುಮ್ಮನಿದ್ದೆ.

ಹೆಸರಿಗೆ ಮಾತ್ರ ಅದು ಕಸ್ತೂರಿ. ಮೃಗದ ಕಸ್ತೂರಿಯನ್ನು ಈಗ ಯಾರೂ ಮುಟ್ಟುವ ಹಾಗಿಲ್ಲ, ಮುಟ್ಟುವಷ್ಟು ದುಡ್ಡೂ ಯಾರಲ್ಲೂ ಇಲ್ಲ. ನಮ್ಮಂಥವರು ಬಳಸುವುದು ಕಾರ್ಖಾನೆಯಲ್ಲಿ ತಯಾರಾದ ಹರಳು. ಕಲ್ಲುಸಕ್ಕರೆಯ ಪುಡಿಯಂತೆ ಬೆಳ್ಳಗೆ, ತುಸು ಹಳದಿ ಛಾಯೆ. ಹಿಂದೆ ಯಾರೋ ಸಿಡಿಮದ್ದನ್ನು ಸುಧಾರಿಸಲು ಹೋದಾಗ ಪ್ರಯೋಗಾಲಯದಲ್ಲಿ ಆಕಸ್ಮಿಕವಾಗಿ ಸಿಕ್ಕ ಪರಿಮಳ ಇದು. ಆ ವಂಶದಲ್ಲಿ ಹಲವು ಹರಳುಗಳಿವೆ. ನಾನು ಡ್ರಮ್ಮಿಗೆ ಕಲಸುತ್ತಿದ್ದದ್ದು ಮಸ್ಕ್ ಕೀಟೋನ್ ಎಂಬುದನ್ನು, ಮಿತಿಯೊಳಗೆ ಬಳಸಲು ಅಡ್ಡಿಯಿಲ್ಲದ್ದು. ವಾಸನೆಯಿಲ್ಲದ ಒಂದು ದ್ರವದಲ್ಲಿ ಅದನ್ನು ಕರಗಿಸಿ, ಸೋಸಿ, ಸುರಿಯುತ್ತಿದ್ದೆ. ಹರಳು ಆ ದ್ರವದಲ್ಲಿ ಸುಲಭಕ್ಕೆ ಕರಗದು. ತಣ್ಣಗಾದರೆ ಮತ್ತೆ ಕೆಳಗೆ ಕೂರುತ್ತದೆ. ಹಾಗಾಗಿ ಹದ ಮೀರಿ ಹಾಕುತ್ತಿರಲಿಲ್ಲ.

ಆ ವರ್ಷ ನೋಂಬಿನ, ಅಂದರೆ ರಂಜಾನ್ ಉಪವಾಸದ, ತಿಂಗಳಿಗೆ ಸ್ವಲ್ಪ ಮೊದಲು ಗಿರಾಕಿಗಳಿಂದ ದೂರು ಬಂತು. ಅತ್ತರು ಮೊದಲಿನ ಹಾಗೆ ನಿಲ್ಲುವುದಿಲ್ಲ, ಬೆಳಿಗ್ಗೆ ಹಚ್ಚಿದರೆ ಮಧ್ಯಾಹ್ನಕ್ಕೆ ಹಾರಿಹೋಗುತ್ತದೆ. ಪಾಕ ಬದಲಿಸೋಣ ಎಂದು ನಾನು ಹೇಳಿದೆ. ಯಜಮಾನರು ಕೇಳಲಿಲ್ಲ. ಡ್ರಮ್ಮನ್ನು ಬಿಸಿನೀರಿನ ತೊಟ್ಟಿಯಲ್ಲಿ ಇರಿಸಿ, ಉದ್ದದ ಮರದ ಹುಟ್ಟಿನಿಂದ ತಳಮುಟ್ಟ ಕಲಕಿಸಿದರು. ಹುಟ್ಟು ಕೆಳಗೆ ಏನನ್ನೋ ಗರಗರ ಕೆರೆದ ಸದ್ದು ನನಗೆ ಕೇಳಿಸಿತ್ತು. ಡ್ರಮ್ಮಿನ ಬೆಸುಗೆಯ ಅಂಚಿರಬೇಕು ಎಂದುಕೊಂಡೆ.

ಆಮೇಲೆ ಪರಿಮಳವೇ ಬೇರೆಯಾಯಿತು.

ಅದನ್ನು ಹೇಗೆ ಹೇಳುವುದು? ಮೊದಲಿಗಿಂತ ಬೆಚ್ಚಗೆ, ಸಿಹಿ, ಹಳೆಯ ಕಾಲದ ಮುಖದ ಪೌಡರಿನ ಡಬ್ಬಿ ತೆರೆದಂತೆ. ಹಚ್ಚಿದರೆ ಬಟ್ಟೆ ಒಗೆದರೂ ಹೋಗದು. ವಾಸನೆಯೇ ನನ್ನ ಕಸುಬು, ಆದರೂ ನನ್ನ ಮೂಗಿಗೆ ಅದು ಹೊಸದು. ಒಂದು ಕಡೆ ಖುಷಿ, ಇನ್ನೊಂದು ಕಡೆ ಗುರುತಿಲ್ಲದವರು ಮನೆಯೊಳಗೆ ಬಂದು ಕೂತ ಹಾಗೆ ಕಸಿವಿಸಿ. ಯಜಮಾನರಿಗಂತೂ ಕಣ್ಣು ತುಂಬಿ ಬಂತು. "ಇದೇ ನೋಡು ಉಸ್ತಾದರ ಕೈಗುಣ," ಎಂದರು.

ನಾಯ್ಮಾರ್ಮೂಲೆ ಪೇಟೆಯಲ್ಲಿದ್ದ ನಮ್ಮ ಅಂಗಡಿಯಲ್ಲಿ ಅತ್ತರು ಬಿಸಿಬಿಸಿ ಖರ್ಚಾಯಿತು. ಅದರ ಬೆನ್ನಿಗೇ ದೊಡ್ಡ ಆರ್ಡರು: ವ್ಯಾಪಾರಿಗಳ ಒಂದು ಕೂಟ ಹಬ್ಬದ ಬೆಳಿಗ್ಗೆ ಮೈದಾನದ ನಮಾಜಿಗೆ ಬರುವ ಎಲ್ಲರಿಗೂ ಒಂದೊಂದು ಸಣ್ಣ ಶೀಶೆ ಹಂಚಬೇಕೆಂದು ನಮಗೆ ಹೇಳಿತು. ಡ್ರಮ್ಮಿನ ಮುಕ್ಕಾಲು ಪಾಲು ಅದಕ್ಕೇ ಬೇಕಿತ್ತು. ಶೀಶೆಗಳ ಪೆಟ್ಟಿಗೆಗಳು ಬಂದು ಶೆಡ್ಡಿನಲ್ಲಿ ಛಾವಣಿ ಮುಟ್ಟಿದವು.

ಅಂಗಡಿ ನೋಡಿಕೊಳ್ಳುತ್ತಿದ್ದವರನ್ನು ನಾವೆಲ್ಲ ಇಚ್ಚ ಎನ್ನುತ್ತಿದ್ದೆವು. ಅವರ ಮನೆಮಾತಿನಲ್ಲಿ ಅದು ಅಣ್ಣ. ಅತ್ತರು ಮಾರುವುದರಲ್ಲಿ ಅವರಿಗೊಂದು ನೇಮ. ಗಿರಾಕಿಯ ಕೈಗೆ ಗಾಜಿನ ಕಡ್ಡಿ ತಾಗಿಸುವ ಮೊದಲು ತನ್ನ ಕೈಗೆ ಹಚ್ಚಿಕೊಳ್ಳಬೇಕು. ಹಳೆಯ ಗಿರಾಕಿಯಾದರೆ ಕುತ್ತಿಗೆಗೂ, ಕೆನ್ನೆಗೂ. ತಾನು ಹಚ್ಚದ್ದನ್ನು ಇನ್ನೊಬ್ಬನಿಗೆ ಹಚ್ಚುವವ ವಿಷ ಮಾರುವವನಿಗೆ ಸಮ ಎಂಬುದು ಅವರ ವಾದ. ದಿನಕ್ಕೆ ಎಷ್ಟು ಗಿರಾಕಿಗಳೋ ಅಷ್ಟು ಸಲ ಅವರ ಮೈಗೆ ಅತ್ತರು.

ಕನ್ನಡಕ ಹಾಕಿದ ಹೆಂಗಸರೆಲ್ಲ ಅವರ ಪಾಲಿಗೆ ಟೀಚರು. ನೋಂಬು ಶುರುವಾದ ಕೆಲವು ದಿನಕ್ಕೆ ಮಾದರಿ ಕೊಡಲು ಅಂಗಡಿಗೆ ಹೋದಾಗ ಅವರ ಮುಖ ನೋಡಿ ನಾನು ನಿಂತುಬಿಟ್ಟೆ. ಎಡಗೆನ್ನೆ, ಕುತ್ತಿಗೆ, ಕೈಯ ಹಿಂಬದಿ ಕೆಂಪಾಗಿ ಉಬ್ಬಿ, ಅಲ್ಲಲ್ಲಿ ನೀರು ಒಸರುತ್ತಿತ್ತು.

"ಎಂತಾಯಿತು ಇಚ್ಚ?"

"ಎಂತ ಇಲ್ಲ ಟೀಚರೇ, ಸೆಕೆಗೆ. ನೋಂಬು ಅಲ್ವಾ, ನೀರು ಕುಡಿಯುವ ಹಾಗಿಲ್ಲ. ರಾತ್ರಿ ತಂಪಾಗ್ತದೆ, ಹಗಲು ಬೆಂಕಿ ಇಟ್ಟ ಹಾಗೆ ಉರೀತದೆ."

ಸುಗಂಧದ ಕೆಲಸದವರಿಗೆ ಚರ್ಮದ ಮೇಲಿನ ಕೆಂಪು ಅಂದರೆ ಬಾಗಿಲಿಗೆ ಪೊಲೀಸು ಬಂದ ಹಾಗೆ. ಕಾಸರಗೋಡಿನ ಚರ್ಮದ ಡಾಕ್ಟರಲ್ಲಿಗೆ ಅವರನ್ನು ಕರೆದುಕೊಂಡು ಹೋದೆ. ಅತ್ತರು ಹಚ್ಚುವುದನ್ನು ನಿಲ್ಲಿಸಿ ಎಂದರು ಡಾಕ್ಟರು. ನಾನು ಒಯ್ದಿದ್ದ ಅತ್ತರನ್ನು ತೆಳುವು ಮಾಡಿ, ಸಣ್ಣ ಬಿಲ್ಲೆಗಳಲ್ಲಿ ಇಚ್ಚನ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದರು. ಬೆನ್ನು ಸ್ವಚ್ಛ. ಒಂದು ಚುಕ್ಕೆ ಕೂಡ ಎದ್ದಿರಲಿಲ್ಲ.

ಯಜಮಾನರ ಮುಖ ಅರಳಿತು. "ನೋಡಿದ್ಯಾ? ಅತ್ತರಿನದ್ದಲ್ಲ. ಸುಮ್ಮನೆ ನಮ್ಮ ಮಾಲಿಗೆ ಹೆಸರು ಹಾಳು ಮಾಡಬೇಡ. ಶೀಶೆ ತುಂಬಿಸುವ ಕೆಲಸ ಶುರು ಮಾಡು."

ನನಗೂ ನಿರಾಳವೇ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಅತ್ತರು ನಿಲ್ಲಿಸಿದ ಮೇಲೂ ಇಚ್ಚನ ಮುಖ ತಣಿಯಲಿಲ್ಲ. ಇನ್ನಷ್ಟು ಕಪ್ಪಾಗಿ ದಪ್ಪಗಾಯಿತು. ಮತ್ತೊಮ್ಮೆ ಅಂಗಡಿಗೆ ಹೋದಾಗ ಅವರು ನಮಾಜಿಗೆ ಮೊದಲು ಕೈಕಾಲು ತೊಳೆದು ವುಜೂ ಮಾಡಲು ಕೈಗಡಿಯಾರ ಬಿಚ್ಚಿಟ್ಟಿದ್ದರು. ಪಟ್ಟಿ ಇದ್ದ ಜಾಗ ಬಳೆ ಬರೆದ ಹಾಗೆ ಬಿಳಿ. ಅದರ ಎರಡೂ ಬದಿ ಸುಟ್ಟ ಕೆಂಪು.

"ಇಚ್ಚ, ಮಣಿಕಟ್ಟಿಗೆ ಅತ್ತರು ಹಚ್ಚುತ್ತಿರಲಿಲ್ವಾ?"

"ಅಲ್ಲಿಗೇ ಮೊದಲು ಹಚ್ಚುದು. ಪಟ್ಟಿ ನೆನೆದು ನೆನೆದು ವಾಸನೆ ಹಿಡಿದಿದೆ, ಮೂಸಿ ನೋಡಿ."

ಅತ್ತರು ಹೆಚ್ಚು ತಾಗಿದ ಜಾಗದಲ್ಲೇ ಏನೂ ಆಗಿಲ್ಲ. ಗಲ್ಲದ ಅಡಿ, ಕಿವಿಯ ಹಿಂದೆ, ಅಂಗಿಯ ಕಾಲರಿನ ಒಳಗೆ, ಅಲ್ಲೂ ಇಲ್ಲ. ಆಗಿದ್ದೆಲ್ಲ ತೆರೆದ ಜಾಗದಲ್ಲಿ, ಅದರಲ್ಲೂ ಎಡಗೆನ್ನೆಯಲ್ಲಿ. ಅವರು ಕೂರುವ ಕುರ್ಚಿ ನೋಡಿದೆ. ಸಂಜೆಯ ಬಿಸಿಲು ರಸ್ತೆಯಿಂದ ನೇರ ಬಂದು ಆ ಎಡಗೆನ್ನೆಗೇ ಬೀಳುತ್ತಿತ್ತು.

ಅತ್ತರು ಒಂದೇ ಸುಡುತ್ತಿರಲಿಲ್ಲ. ಅತ್ತರು ಮತ್ತು ಬಿಸಿಲು ಸೇರಿ ಸುಡುತ್ತಿದ್ದವು. ಬೆನ್ನಿನ ಪರೀಕ್ಷೆ ಅಂಗಿಯ ಕತ್ತಲೆಯಲ್ಲಿ ನಡೆದಿತ್ತು, ಅಲ್ಲಿ ಏನು ಏಳಬೇಕು?

ಡಾಕ್ಟರಿಗೆ ಫೋನು ಮಾಡಿದೆ. ಪಟ್ಟಿಯ ವಿಷಯ ಕೇಳಿದ್ದೇ ಅವರ ದನಿ ಬದಲಾಯಿತು. ಬೆಳಕಿನ ಪರೀಕ್ಷೆ ಮಾಡಿಸಬೇಕು, ಅದಕ್ಕೆ ದೀಪ ಇರುವುದು ಮಂಗಳೂರಿನಲ್ಲಿ, ಅತ್ತರಿನ ಜೊತೆ ಅದಕ್ಕೆ ಹಾಕಿದ್ದನ್ನೆಲ್ಲ ಬೇರೆ ಬೇರೆಯಾಗಿ ಒಯ್ಯಿರಿ ಎಂದರು. ಗುಲಾಬಿ, ಗಂಧ, ಕರಗಿಸುವ ದ್ರವ, ಡ್ರಮ್ಮಿನ ಬೇಸ್, ನಾನು ಬಳಸುವ ಕೀಟೋನ್, ಒಂದೊಂದನ್ನೂ ಸಣ್ಣ ಬಾಟಲಿಗೆ ಹಾಕಿಕೊಂಡೆ.

ಹೋದದ್ದು ಬಸ್ಸಿನಲ್ಲಿ. ಇಚ್ಚ ಕೊಡೆ ಹಿಡಿದು, ತಲೆಗೂ ಮುಖಕ್ಕೂ ಬಟ್ಟೆ ಸುತ್ತಿಕೊಂಡು ಬಂದಿದ್ದರು. ಕುಂಬಳೆ ದಾಟಿದ ಮೇಲೆ ಬಸ್ಸು ತಿರುಗಿದ ಹಾಗೆಲ್ಲ ಬಿಸಿಲು ಕಿಟಕಿ ಬದಲಿಸುತ್ತಿತ್ತು, ಅವರು ಸೀಟು ಬದಲಿಸುತ್ತಿದ್ದರು. ಕಂಡಕ್ಟರ್ ತಮಾಷೆ ಮಾಡಿದ: "ಎಂತ ಬ್ಯಾರಿಗಳೇ, ಮದುಮಗಳ ಹಾಗೆ ಮುಸುಕು?" ಇಚ್ಚನೂ ನಕ್ಕರು. ನಗುವಾಗ ಕೆನ್ನೆಯ ಚರ್ಮ ಬಿರಿದು ರಕ್ತ ಬಂತು.

ಅಲ್ಲಿಯ ಆಸ್ಪತ್ರೆಯಲ್ಲಿ ಪ್ರತಿ ಮಾದರಿಯ ಎರಡೆರಡು ಬಿಲ್ಲೆ ಮಾಡಿ, ಬೆನ್ನಿನ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು ಅಂಟಿಸಿದರು. ಮರುದಿನ ಎಡಸಾಲನ್ನು ಮಾತ್ರ ತೆರೆದು ನೇರಳಾತೀತ ಬೆಳಕು ಹಾಯಿಸಿ, ಬಲಸಾಲನ್ನು ಕಪ್ಪು ಬಟ್ಟೆಯಲ್ಲಿ ಮುಚ್ಚಿಯೇ ಇಟ್ಟರು. ಫಲ ನೋಡಲು ನಾವು ಮತ್ತೆ ಹೋದಾಗ ಬಲಸಾಲು ಖಾಲಿ. ಎಡಸಾಲಿನಲ್ಲಿ ಎರಡು ಕಡೆ ಚರ್ಮ ಕೆಂಪಾಗಿ ಎದ್ದು ನಿಂತಿತ್ತು. ಒಂದು ಅತ್ತರು, ಇನ್ನೊಂದು ಡ್ರಮ್ಮಿನ ಬೇಸ್. ಕೀಟೋನಿನ ಜಾಗದಲ್ಲಿ ಏನೂ ಇರಲಿಲ್ಲ.

"ಅತ್ತರು ಬಿಟ್ಟರೆ ಹೋಗ್ತದಲ್ವಾ ಡಾಕ್ಟ್ರೇ?" ಇಚ್ಚ ಕೇಳಿದರು.

ಡಾಕ್ಟರು ಬೆನ್ನಿನ ಗುರುತುಗಳನ್ನು ಇನ್ನೊಮ್ಮೆ ನೋಡಿದರು. ಕೆಲವರಿಗೆ ಹೋಗುತ್ತದೆ, ಕೆಲವರಿಗೆ ಕಾರಣ ಬಿಟ್ಟ ಮೇಲೂ ಬಿಸಿಲಿನ ಬಾಧೆ ಉಳಿದುಬಿಡುತ್ತದೆ, ವರ್ಷಗಟ್ಟಲೆ ಉಳಿದದ್ದೂ ಉಂಟು ಎಂದರು. ಎಲ್ಲರಿಗೂ ಹೀಗೆ ಆಗುವುದಿಲ್ಲ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳುವುದಕ್ಕೂ ಆಗುವುದಿಲ್ಲ. ಇಚ್ಚ ಅಂಗಿ ಹಾಕಿಕೊಳ್ಳುತ್ತ ಗುಂಡಿಗಳನ್ನು ತಪ್ಪುತಪ್ಪಾಗಿ ಸೇರಿಸಿದರು.

ಹಿಂತಿರುಗುವ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಒಂದೇ ಲೆಕ್ಕ. ನಾನು ಕಲಸಿದ ಯಾವುದೂ ಅಲ್ಲ, ಆದರೆ ಡ್ರಮ್ಮಿನಲ್ಲಿದೆ. ಅಂದರೆ ನನಗಿಂತ ಮೊದಲೇ ಇದ್ದದ್ದು. ಬಿಸಿ ಮಾಡಿ ಕಲಕಿದ ಮೇಲೆ ಮೇಲೆ ಬಂದದ್ದು. ಹುಟ್ಟು ಕೆರೆದ ಸದ್ದು ಆಗ ನೆನಪಾಯಿತು.

ಮರುದಿನ ಉದ್ದ ಹಿಡಿಯ ಸೌಟನ್ನು ಡ್ರಮ್ಮಿನ ತಳಕ್ಕೆ ಇಳಿಸಿದೆ. ಗಟ್ಟಿಯಾಗಿ ಏನೋ ತಡೆಯಿತು. ಕೆರೆದು ಮೇಲೆತ್ತಿದರೆ ಸೌಟಿನ ತುಂಬ ಹರಳು, ಕಬ್ಬಿನ ಬೆಲ್ಲದ ಬಣ್ಣದ ಗಂಟು. ಕಲಕಿದಷ್ಟು ಕರಗಿ, ಇನ್ನೂ ಅಷ್ಟು ದಪ್ಪಕ್ಕೆ ಕೂತಿತ್ತು. ಉಸ್ತಾದರು ಕಲಸಿ ಕೊಟ್ಟ ಮೊದಲ ಪಾಕದಲ್ಲೇ ಹರಳು ಹದ ಮೀರಿ ಬಿದ್ದಿರಬೇಕು. ಕರಗದ್ದು ಕೆಳಗೆ ಕೂತು, ಮೇಲೆ ಹೊಸತು ಬೀಳುತ್ತ ಬೀಳುತ್ತ ಮರೆಯಾಗಿತ್ತು. ತಳ ಕಾಣಬಾರದೆಂಬ ಕಟ್ಟಳೆ ಅದನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದಿತ್ತು.

ನನಗೆ ಒಂದು ಹೆಸರಿನ ಮೇಲೆ ಅನುಮಾನ ಬಂತು: ಮಸ್ಕ್ ಆಂಬ್ರೆಟ್. ಕಾಡುಕಸ್ತೂರಿ ಗಿಡದ ಬೀಜದ ಪರಿಮಳವನ್ನು ಹೋಲುತ್ತದೆಂದು ಆ ಹೆಸರು. ಒಂದು ಕಾಲದಲ್ಲಿ ಲೋಕದ ಸಾಬೂನು, ಪೌಡರು, ಅತ್ತರುಗಳಲ್ಲೆಲ್ಲ ಇತ್ತು. ಬಿಸಿಲು ತಾಗಿದರೆ ಚರ್ಮವನ್ನು ಕೆಡಿಸುತ್ತದೆ, ನರಗಳಿಗೂ ಒಳ್ಳೆಯದಲ್ಲ ಎಂದು ಗೊತ್ತಾದ ಮೇಲೆ ಸುಗಂಧದ ಕಸುಬು ಅದನ್ನು ಬಹಿಷ್ಕರಿಸಿತು. ನಾನು ಕಲಿಯುವ ಹೊತ್ತಿಗೆ ಅದು ಪುಸ್ತಕದ ಒಂದು ಸಾಲು ಮಾತ್ರ, ಮೂಸಿ ನೋಡಿದವಳಲ್ಲ. ಮೂಗಿಗೆ ಗುರುತು ಸಿಗದೇ ಹೋದದ್ದು ಅದಕ್ಕೆ.

ಖಚಿತ ಮಾಡಿಕೊಳ್ಳಲು ಮಾದರಿಯನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದೆ. ವರದಿ ಬರುವುದು ಹಬ್ಬ ಕಳೆದ ಮೇಲೆ ಎಂದರು. ಅಷ್ಟು ಕಾಯುವ ಹಾಗಿರಲಿಲ್ಲ. ಕೈಯಲ್ಲಿ ಇದ್ದದ್ದು ಚಹಾ ಮಾಡುವ ಗ್ಯಾಸಿನ ಒಲೆ. ಅದು ಸಾಕಿತ್ತು. ಕೀಟೋನ್ ಕುದಿಯುವ ನೀರಿನಲ್ಲಿ ಇಟ್ಟರೂ ಕರಗಿ ನೀರಾಗದು, ಅದಕ್ಕೆ ಇನ್ನೂ ಬಹಳ ಬಿಸಿ ಬೇಕು. ಆಂಬ್ರೆಟ್ ನೀರು ಕುದಿಯುವ ಮೊದಲೇ ಕರಗುತ್ತದೆ. ತಳದ ಹರಳನ್ನು ತಣ್ಣಗಿನ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದೆ. ಎಣ್ಣೆ ಅಂಟಿ ಬೇಗ ಕರಗಿತು ಎಂಬ ಎದುರುಮಾತು ಬೇಡವೆಂದು ಕೀಟೋನನ್ನೂ ಅದೇ ಬೇಸಿನಲ್ಲಿ ಅದ್ದಿ, ಅದೇ ಸ್ಪಿರಿಟ್ಟಿನಲ್ಲಿ ತೊಳೆದೆ. ಎರಡನ್ನೂ ಒಂದೊಂದು ಸಪೂರ ಗಾಜಿನ ನಳಿಗೆಗೆ ತುಂಬಿ, ಥರ್ಮಾಮೀಟರಿಗೆ ದಾರದಿಂದ ಕಟ್ಟಿ, ಯಜಮಾನರನ್ನು ಕರೆದೆ.

ನೀರು ಕಾಯಿತು. ಪಾತ್ರೆಯ ತಳದಲ್ಲಿ ಗುಳ್ಳೆ ಏಳತೊಡಗಿದಾಗ ತಳದ ಹರಳಿನ ಅಂಚು ಮಂಜಾಯಿತು. ನೋಡನೋಡುತ್ತ ಕುಸಿಯಿತು. ಹಳದಿ ಹನಿಯಾಗಿ ನಳಿಗೆಯಲ್ಲಿ ಕೆಳಗಿಳಿಯಿತು. ಪಕ್ಕದ ಕೀಟೋನ್ ನೀರು ಕೊತಕೊತ ಕುದಿದ ಮೇಲೂ ಬೆಳ್ಳಗೆ ಕೂತೇ ಇತ್ತು.

ಯಜಮಾನರು ಒಲೆ ಆರಿಸಿದರು.

"ನಾನು ಇಷ್ಟು ವರ್ಷ ಹಚ್ಚಿದ್ದೇನೆ. ನನಗೆ ಎಂತ ಆಗ್ಲಿಲ್ಲ."

"ನಿಮಗೆ ಆಗ್ಲಿಲ್ಲ. ಇಚ್ಚನಿಗೆ ಆಯಿತು. ಮತ್ತೆ, ಇಷ್ಟು ವರ್ಷ ಅದು ಅಡಿಯಲ್ಲಿ ಇತ್ತು. ಈಗ ಮೇಲೆ ಬಂದಿದೆ."

"ವರದಿ ಬರ್ಲಿ. ಬಂದ ಮೇಲೆ ನೋಡುವ."

"ವರದಿ ಬರುದು ಹಬ್ಬ ಆದ ಮೇಲೆ. ಹಬ್ಬದ ಬೆಳಿಗ್ಗೆ ಎಲ್ಲ ಇದನ್ನು ಕುತ್ತಿಗೆಗೆ ಹಚ್ಚಿಕೊಂಡು ಮೈದಾನದಲ್ಲಿ ಬಿಸಿಲಿಗೆ ನಿಲ್ತಾರೆ. ಮಕ್ಕಳೂ ನಿಲ್ತಾರೆ."

"ಒಂದು ದಿನಕ್ಕೆ ಎಂತ ಆಗ್ತದೆ ಮಾರಾಯ್ತಿ? ಕೊಟ್ಟ ಮಾತು ಉಂಟು. ನಾಳೆಯಿಂದ ತುಂಬಿಸುದು. ನಿನಗೆ ಆಗದಿದ್ರೆ ಬೇರೆಯವರನ್ನು ಕರೆಸ್ತೇನೆ."

ಅವರು ಕೆಟ್ಟವರಲ್ಲ. ಆ ಡ್ರಮ್ಮಿನಲ್ಲಿ ಅವರ ಗುರುವಿದ್ದರು, ಅವರ ಯೌವನವಿತ್ತು, ಊರಿನಲ್ಲಿ ಗಳಿಸಿದ ಮರ್ಯಾದೆ ಇತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಅವರ ಮೇಲೆ ಹೇಳಲಾರದಷ್ಟು ಸಿಟ್ಟು ಬಂತು. ಕೆಲಸ ಬಿಟ್ಟು ಹೋಗುವುದು ಸುಲಭ. ನಾನು ಹೋದರೆ ತುಂಬಿಸಲು ಇನ್ನೊಬ್ಬರು ಬರುತ್ತಾರೆ, ಅಷ್ಟೆ.

ಮರುದಿನ ಬೆಳಿಗ್ಗೆ ಕುಂಬಳೆಯಲ್ಲಿ ಬಸ್ಸಿಳಿದು ಕಡಲತೀರದ ಕಡಪ್ಪುರದ ಕಡೆ ನಡೆದೆ. ದೋಣಿಯ ಮರ ಕೆಡದ ಹಾಗೆ ಬಳಿಯುವ ಬೂತಾಯಿ ಮೀನಿನ ಎಣ್ಣೆ ಅಲ್ಲಿ ಸಿಗುತ್ತದೆ. ಒಂದು ಕ್ಯಾನು ತೆಗೆದುಕೊಂಡೆ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದರೂ ಆಟೋದವ ಮೂಗು ಮುಚ್ಚಿ ಬೈಯುತ್ತಲೇ ಸೀತಾಂಗೋಳಿಗೆ ತಂದು ಬಿಟ್ಟ. ಶೆಡ್ಡಿಗೆ ಹೋಗಿ, ಡ್ರಮ್ಮಿನ ಮೇಲಿನ ಬೈರಾಸು ತೆಗೆದು, ಮುಚ್ಚಳ ಸರಿಸಿ, ಕ್ಯಾನನ್ನು ಬುಡಮೇಲು ಮಾಡಿದೆ. ಹುಟ್ಟು ಹಾಕಿ ಕಲಕಿದೆ. ಅಂಥ ಪರಿಮಳದ ಮೇಲೆ ಅಂಥ ನಾತ ಏರಿದಾಗ ನನಗೇ ವಾಂತಿ ಬಂದು ಹೊರಗೆ ಓಡಿದೆ. ಬಾಯಿ ತೊಳೆದು, ಯಜಮಾನರಿಗೆ ನಾನೇ ಫೋನು ಮಾಡಿ ಮಾಡಿದ್ದನ್ನು ಹೇಳಿದೆ.

ಬಂದವರು ಬಾಗಿಲಲ್ಲೇ ನಿಂತರು. ಒಳಗೆ ಬರಬೇಕಾದ ಅಗತ್ಯವೂ ಇರಲಿಲ್ಲ, ವಾಸನೆ ರಸ್ತೆಯವರೆಗೆ ಹೋಗಿತ್ತು.

"ನನ್ನ ಅನ್ನಕ್ಕೆ ಮಣ್ಣು ಹಾಕಿದಿ," ಎಂದರು. ಅದಕ್ಕಿಂತ ದೊಡ್ಡ ಮಾತು ಬಾಯಿಗೆ ಬರುತ್ತದೆಂದು ನಾನು ತಲೆ ತಗ್ಗಿಸಿ ಕಾದೆ. ಅವರು ಶೀಶೆಗಳ ಪೆಟ್ಟಿಗೆಯ ಮೇಲೆ ಕೂತರು. ತಲೆಯ ಮೇಲೆ ಕೈಯಿಟ್ಟುಕೊಂಡರು. ನನ್ನ ಕಡೆ ನೋಡದೆ ಕೇಳಿದರು: "ಆರ್ಡರು ಹೋಯಿತು. ಅಂಗಡಿಯಿಂದ ಈಗಾಗಲೇ ಹೋದದ್ದು? ಅದಕ್ಕೆ ಎಂತ ಮಾಡ್ತಿ?"

ನಮ್ಮ ಅಂಗಡಿಯಲ್ಲಿ ಅತ್ತರನ್ನು ದೊಡ್ಡ ಬಾಟಲಿಯಿಂದ ಬಿಡಿಬಿಡಿಯಾಗಿ ಸುರಿದು ಕೊಡುವುದು. ಚೀಟಿ ಇಲ್ಲ, ಬಿಲ್ಲಿಲ್ಲ. ಯಾರಿಗೆ ಹೋಯಿತೆಂಬುದು ಇದ್ದದ್ದು ಇಚ್ಚನ ನೆನಪಿನಲ್ಲಿ ಮಾತ್ರ.

"ನಾನು ಬರ್ತೇನೆ," ಎಂದರು ಇಚ್ಚ, ಅವರಲ್ಲಿಗೆ ಹೋಗಿ ವಿಷಯ ಹೇಳಿದಾಗ, ನಾನು ಕೇಳುವ ಮೊದಲೇ. "ನನ್ನ ಕೈಯಿಂದ ಹೋದದ್ದಲ್ವಾ. ಹಗಲು ಆಗ್ಲಿಕ್ಕಿಲ್ಲ. ನೋಂಬು ತೆರೆದ ಮೇಲೆ ಹೋಗುವ."

ಹಾಗೆ ಹಬ್ಬಕ್ಕೆ ಉಳಿದಿದ್ದ ಸಂಜೆಗಳಲ್ಲಿ ನಾವಿಬ್ಬರು ಯಜಮಾನರ ಕಾರಿನಲ್ಲಿ ಮನೆಮನೆ ಸುತ್ತಿದೆವು. ಕಾರು ಓಡಿಸಿದವರು ಯಜಮಾನರೇ. ನನ್ನೊಡನೆ ಒಂದು ಮಾತೂ ಆಡಲಿಲ್ಲ. ಇಚ್ಚ ಮುಂದಿನ ಸೀಟಿನಲ್ಲಿ ಕೂತು ದಾರಿ ಹೇಳುತ್ತಿದ್ದರು: ಇಲ್ಲಿ ಟೈಲರ್, ಅಲ್ಲಿ ಬಸ್ಸಿನ ಡ್ರೈವರ್, ಆ ಹಸಿರು ಗೇಟಿನ ಮನೆಯಲ್ಲಿ ಗಲ್ಫಿನಿಂದ ರಜೆಗೆ ಬಂದವ. ಮುಖ ಒಂದೂ ಮರೆತಿರಲಿಲ್ಲ. ಕೆಲವರು ಶೀಶೆಯನ್ನು ಕೂಡಲೇ ತಂದುಕೊಟ್ಟರು. ಕೆಲವರು ಜಗಳಕ್ಕೆ ಬಂದರು, ಇಷ್ಟು ಒಳ್ಳೆಯ ಮಾಲನ್ನು ವಾಪಸು ಕೇಳುವುದೆಂಥ ವ್ಯಾಪಾರ ಎಂದು. ಆಗ ಇಚ್ಚ ಮುಖದ ಬಟ್ಟೆ ಸರಿಸಿ, ಅವರ ಮನೆಯ ಟ್ಯೂಬ್‌ಲೈಟಿನ ಕೆಳಗೆ ನಿಲ್ಲುತ್ತಿದ್ದರು. ಆಮೇಲೆ ಯಾರೂ ವಾದ ಮಾಡಲಿಲ್ಲ. ಒಂದು ಮನೆಯಲ್ಲಿ ಸೊಸೆಯೊಬ್ಬಳು ನನ್ನನ್ನು ಒಳಗೆ ಕರೆದು ತನ್ನ ಕುತ್ತಿಗೆಯ ಕೆಂಪನ್ನು ತೋರಿಸಿದಳು. ಬೆವರುಸಾಲೆ ಎಂದುಕೊಂಡಿದ್ದಳಂತೆ. ಡಾಕ್ಟರ ವಿಳಾಸ ಬರೆದುಕೊಟ್ಟು ಬಂದೆ.

"ಒಬ್ಬ ತಕ್ಕೊಂಡ್ರೆ ಒಬ್ಬನೇ ಹಚ್ಚುದಲ್ಲ ಟೀಚರೇ," ಎಂದರು ಇಚ್ಚ ಒಮ್ಮೆ. "ಹಬ್ಬಕ್ಕೆ ನಮಾಜಿಗೆ ನಿಂತಲ್ಲಿ ಪಕ್ಕದವನ ಕೈಗೂ ಹಚ್ಚಬೇಕು. ಹಚ್ಚದೆ ಕಿಸೆಯಲ್ಲಿ ಇಟ್ಟುಕೊಂಡವನನ್ನು ಜನ ಜಿಪುಣ ಅಂತಾರೆ. ನನಗೆ ಹೆದರಿಕೆ ಅದೇ." ಹಬ್ಬದ ಹಿಂದಿನ ಸಂಜೆ ಕೊನೆಯ ಮನೆಯಿಂದ ಹೊರಬಂದು, ಅವರು ಕಣ್ಣು ಮುಚ್ಚಿ ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಕರೆದು ನೋಡಿದರು. "ಮುಗಿಯಿತು," ಎಂದರು. "ನಾನು ಮಾರಿದವ ಒಬ್ಬನೂ ಬಾಕಿ ಇಲ್ಲ." ಯಜಮಾನರು ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ದೊಡ್ಡ ಉಸಿರು ಬಿಟ್ಟರು. ನನ್ನ ಎದೆಯೂ ಹಗುರಾಯಿತು.

ಹಬ್ಬದ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಚೆಂಗಳ ಕಡೆಯ ಇಚ್ಚನ ಮನೆಗೆ ಹೋದೆ. ಮೈದಾನಕ್ಕೆ ಅವರು ಹೋಗಿರಲಿಲ್ಲ. ಪಕ್ಕದ ಮಸೀದಿಯ ಒಳಗೇ ನಮಾಜು ಮುಗಿಸಿ, ಕೊಡೆಯ ಅಡಿ ಮುಖ ಹುದುಗಿಸಿಕೊಂಡು ಬಂದಿದ್ದರು. ಹೆಂಡತಿ ಕಿಟಕಿಗಳಿಗೆಲ್ಲ ದಪ್ಪದ ಬೆಡ್‌ಶೀಟು ಕಟ್ಟಿದ್ದರು. ಅರೆಗತ್ತಲೆಯಲ್ಲಿ ಹೊಸ ಅಂಗಿ ಹಾಕಿ ಕೂತಿದ್ದ ಇಚ್ಚ ನನಗೆ ಅಕ್ಕಿರೊಟ್ಟಿಯಂಥ ಪತ್ತಿರಿ ಬಡಿಸಲು ಹೇಳಿ, ಈ ವರ್ಷ ಅತ್ತರಿಲ್ಲದ ಹಬ್ಬ ಎಂದು ನಕ್ಕರು.

ಆಗ ಅವರ ತಂಗಿಯ ಗಂಡ ಮಂಜೇಶ್ವರದಿಂದ ಬಂದ. ಗಟ್ಟಿಮುಟ್ಟಾದ ಆಳು, ಮೈದಾನದಿಂದ ನೇರ ಇಲ್ಲಿಗೆ ಬೈಕು ಓಡಿಸಿಕೊಂಡು ಬಂದಿದ್ದ. ಬಾಗಿಲಲ್ಲೇ ಕೈ ಚಾಚಿ ಇಚ್ಚನನ್ನು ಅಪ್ಪಿಕೊಂಡ. ಅವನ ಹಿಂದೆಯೇ ಅದು ಒಳಗೆ ಬಂತು, ಬೆಚ್ಚಗೆ, ಸಿಹಿ, ಹಳೆಯ ಪೌಡರಿನ ಡಬ್ಬಿಯ ಪರಿಮಳ. ನನ್ನ ಕೈಯ ಪತ್ತಿರಿ ತಟ್ಟೆಗೆ ಬಿತ್ತು. ಅವನ ಹೆಗಲ ಮೇಲಿಂದ ಇಚ್ಚ ನನ್ನನ್ನೇ ನೋಡುತ್ತಿದ್ದರು.

"ಎಲ್ಲಿಯದು ಇದು?" ಎಂದರು ಇಚ್ಚ, ಅವನನ್ನು ಬಿಡದೆ.

"ಎಲ್ಲಿಯದು ಅಂದ್ರೆ? ನೀವೇ ಕೊಟ್ಟದ್ದಲ್ವಾ ಇಚ್ಚ! ನೋಂಬಿಗೆ ಮೊದಲು ನಿಮ್ಮ ತಂಗಿ ಇಲ್ಲಿಗೆ ಬಂದಿದ್ದಾಗ ಕಳಿಸಿದ್ರಿ, ದೊಡ್ಡ ಬಾಟ್ಲಿ. ಹಬ್ಬಕ್ಕೆ ಇರ್ಲಿ ಅಂತ ಮುಟ್ಟದೆ ಇಟ್ಟಿದ್ದೆ."

ಮಾರಿದವರನ್ನು ಒಬ್ಬರನ್ನೂ ಬಿಡದ ಹಾಗೆ ನೆನಪಿಟ್ಟಿದ್ದರು ಇಚ್ಚ. ಕೊಟ್ಟದ್ದನ್ನು ನೆನಪಿಟ್ಟುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

"ಬಾಟ್ಲಿ ಎಲ್ಲಿ? ಎಷ್ಟು ಉಂಟು ಬಾಕಿ?"

"ಎಂತ ಬಾಕಿ! ಮೈದಾನದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಸಾಲಿಗೆ ನಾನೇ ಹಚ್ಚಿದೆ. ಉಳಿದದ್ದನ್ನು ಮಕ್ಕಳು ಕೈ ಒಡ್ಡಿ ಒಡ್ಡಿ ಮುಗಿಸಿದವು. ಎಲ್ಲರೂ ಕೇಳಿದ್ರು, ಇಷ್ಟು ಚಂದದ ಅತ್ತರು ಯಾರು ಕೊಟ್ಟದ್ದು ಅಂತ." ಅವನು ಹೆಮ್ಮೆಯಿಂದ ಇಚ್ಚನ ಬೆನ್ನು ತಟ್ಟಿದ. "ನಿಮ್ಮ ಹೆಸರು ಹೇಳಿದೆ."